ಅವ್ವನ ನಂಬರಿಗೆ ಹೋಗುವ ಆರು ಅಂಕಿ

ಜುಲೈ ಇಪ್ಪತ್ತು, ಭಾನುವಾರ. ಬೆಳಗಿನ ಆರು ನಲವತ್ತಕ್ಕೆ ಬರೆಯಲು ಕೂತೆ. ಹೊರಗೆ ಜಿಟಿಜಿಟಿ ಮಳೆ. ಅಪ್ಪ ಅಡುಗೆಮನೆಯಲ್ಲಿ ಚಹಾಕ್ಕೆ ಇಟ್ಟಿದ್ದ. ಅದು ಉಕ್ಕಿ ಒಲೆಯ ಮೇಲೆ ಚುರ್ರೆಂದು ಸುರಿದ ಸದ್ದು ಈಚೆ ಕೋಣೆಯಲ್ಲಿದ್ದ ನನಗೆ ಕೇಳಿತು. ಒಲೆಗೆ ಬೆನ್ನು ಮಾಡಿ ಕಪ್ಪು ತೊಳೆಯುತ್ತಿದ್ದ ಅವನಿಗೆ ಕೇಳಲಿಲ್ಲ. ಎದ್ದು ಹೋಗಿ ಗ್ಯಾಸ್ ಆರಿಸಿ ಬಂದೆ. ಅಪ್ಪನ ಎರಡೂ ಕಿವಿಯಲ್ಲಿ ಮಶೀನು ಇದ್ದವು. ಎರಡೂ ಪೂರ್ತಿ ಚಾರ್ಜ್ ಆಗಿದ್ದವು. ಎರಡರಲ್ಲೂ ಯಾವ ದೋಷವೂ ಇಲ್ಲ.

ಮಾಳಮಡ್ಡಿಯ ಹಳೆಯ ಮನೆಯೊಂದರ ಹಿಂಭಾಗದಲ್ಲಿ ಬಾಡಿಗೆಗೆ ಇರುವವರು ನಾವಿಬ್ಬರೇ, ಅಪ್ಪ ಮತ್ತು ಮಗಳು ನಾನು. ಅಪ್ಪ ಸರಕಾರಿ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತನಾದವನು. ಅವ್ವ ತೀರಿಕೊಂಡು ಎರಡು ವರ್ಷವಾಗುತ್ತ ಬಂತು. ನಾನು ಊರ ಹೊರಗಿನ ಬೇಲೂರು ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ತಪಾಸಣೆ ವಿಭಾಗದಲ್ಲಿದ್ದೇನೆ. ಯಂತ್ರದ ಬಿಡಿಭಾಗಗಳನ್ನು ಅಳೆಯುವುದು, ಬರೆದಿಡುವುದು, ಸರಿ ಇದ್ದುದನ್ನು ಟ್ರೇಗೆ, ಕೆಟ್ಟುದನ್ನು ಕೆಂಪು ಡಬ್ಬಿಗೆ ಹಾಕುವುದು ನನ್ನ ಕೆಲಸ.

ಈ ಚಟ ಮನೆಗೂ ಹಬ್ಬಿದೆ. ಏನಾದರೂ ಕೊಳ್ಳಬೇಕೆನಿಸಿದರೆ ಅದರ ಹೆಸರು, ತಾರೀಖು ಬರೆದು ಒಂದು ತಿಂಗಳು ಸುಮ್ಮನಿರುತ್ತೇನೆ. ನಡುವೆ ಮತ್ತೆ ಆಸೆಯಾದಾಗಲೆಲ್ಲ ಮುಂದೆ ಒಂದು ಗೀಟು. ಗೀಟು ಹೆಚ್ಚಾದಷ್ಟೂ ಅದು ಬೇಕಾದ ವಸ್ತು ಎಂದು ಮೊದಲು ತಿಳಿದಿದ್ದೆ. ಹೆಚ್ಚು ಗೀಟು ಬಿದ್ದದ್ದು ಹೆಚ್ಚು ಜಾಹೀರಾತು ನೋಡಿದ್ದಕ್ಕೆ ಎಂದು ಆಮೇಲೆ ತಿಳಿಯಿತು. ಹತ್ತು ನಿಮಿಷದಲ್ಲಿ ಕಾಯಿಪಲ್ಲೆ ತಂದುಕೊಡುವ ಆ್ಯಪನ್ನು ಎರಡು ಸಲ ಹಾಕಿ ಎರಡು ಸಲ ತೆಗೆದೆ. ತರುವ ಹುಡುಗರು ಸಿಗ್ನಲ್ ಮುರಿದು ಓಡುವುದನ್ನು ನೋಡಲಾಗದೆ ತೆಗೆದದ್ದು. ಎರಡನೇ ಸಲ ತೆಗೆದಾಗ ಅಪ್ಪ ಕೇಳಿದ, “ನೀ ತಗದ್ರ ಅವಂಗ ಓಡೂದು ತಪ್ಪತೈತೋ, ಕೆಲಸ ತಪ್ಪತೈತೋ?” ಅದಕ್ಕೆ ಯಾವ ಕಡೆ ಗೀಟು ಹಾಕಬೇಕೆಂದು ನನಗೆ ಇನ್ನೂ ಗೊತ್ತಾಗಿಲ್ಲ.

ಅಪ್ಪನ ಕಿವಿ ಮಶೀನನ್ನು ಆರಿಸಿದ್ದೂ ಹೀಗೆ ತೂಗಿಯೇ. ಆಗ ಅವ್ವ ಇದ್ದಳು. ಅಗ್ಗದ ಮಶೀನುಗಳಿಗೆ ಗುಂಡಿಯಂಥ ಸೆಲ್ಲು ಹಾಕಬೇಕು. ವಾರಕ್ಕೊಂದು ಜೋಡಿ ಮುಗಿಯುತ್ತದೆ, ಮುಗಿದದ್ದು ಕಸದ ಗಾಡಿಗೆ ಹೋಗುತ್ತದೆ, ಅಲ್ಲಿಂದ ಮಣ್ಣಿಗೆ. ಚಾರ್ಜ್ ಮಾಡುವಂಥದ್ದಾದರೆ ಆ ಪಾಪವಿಲ್ಲ. ಹೀಗೆಂದು ನಾನು ಹೇಳಿದೆ, ಅವ್ವ ಒಪ್ಪಿದಳು. ಚಾರ್ಜ್ ಆಗುವ ಜೋಡಿಯನ್ನು ನೇರವಾಗಿ ಕಂಪನಿಯಿಂದಲೇ ತರಿಸಿದೆವು. ನೆಲಗಡಲೆ ಬೀಜದಷ್ಟು ಸಣ್ಣವು. ಮೈಮೇಲೆ ಒಂದೂ ಗುಂಡಿಯಿಲ್ಲ. ದನಿ ಏರಿಸುವುದು, ಇಳಿಸುವುದು, ಮನೆಗೊಂದು ರೀತಿ, ಗದ್ದಲಕ್ಕೊಂದು ರೀತಿ ಹೊಂದಿಸುವುದು, ಎಲ್ಲವೂ ಫೋನಿನ ಆ್ಯಪಿನಿಂದಲೇ. ಅವ್ವ ಅಪ್ಪನ ಫೋನಿನಲ್ಲಿ ಆ್ಯಪ್ ಹಾಕಿ, ನೋಂದಣಿಗೆ ತನ್ನ ನಂಬರ್ ಕೊಟ್ಟಳು.

ಇದರಲ್ಲಿ ವಿಶೇಷವೇನೂ ಇರಲಿಲ್ಲ. ನಮ್ಮ ಮನೆಯಲ್ಲಿ ಎಲ್ಲದಕ್ಕೂ ಅವ್ವನ ನಂಬರೇ. ಗ್ಯಾಸು, ಕರೆಂಟು, ರೇಷನ್ನು, ಅಪ್ಪನ ಪೆನ್ಶನ್ ಖಾತೆ, ನನ್ನ ಕಾಲೇಜಿನ ಅರ್ಜಿ. ಅಪ್ಪನಿಗೆ ಫೋನಿನಲ್ಲಿ ಕೇಳಿಸುತ್ತಿರಲಿಲ್ಲ, ನಾನು ಹಾಸ್ಟೆಲಿನಲ್ಲಿದ್ದೆ, ಮನೆಯಲ್ಲಿ ಸದಾ ಇರುವ ನಂಬರು ಅದೊಂದೇ. ಅಪ್ಪ ಅದನ್ನು ತನ್ನ ಫೋನಿನಲ್ಲಿ ‘ಮನಿ’ ಎಂದೇ ಬರೆದಿಟ್ಟುಕೊಂಡಿದ್ದ. ಅವ್ವ ಹೋದ ಮೇಲೆ ಪಟ್ಟಿ ಮಾಡಿ ಒಂದೊಂದನ್ನೇ ನನ್ನ ನಂಬರಿಗೆ ಬದಲಿಸಿಕೊಂಡೆವು. ಕಿವಿ ಮಶೀನಿಗೂ ಒಂದು ನಂಬರು ಇದೆಯೆಂದು ಇಬ್ಬರಿಗೂ ಹೊಳೆಯಲಿಲ್ಲ. ಕಿವಿ ಅಪ್ಪನದು, ಫೋನು ಅಪ್ಪನದು, ಆ್ಯಪು ಒಮ್ಮೆಯೂ ಏನನ್ನೂ ಕೇಳಿರಲಿಲ್ಲ. ಯಾರೂ ಬಳಸದ ಸಿಮ್ಮಿಗೆ ರೀಚಾರ್ಜ್ ಯಾಕೆಂದು ಬಿಟ್ಟೆವು. ಬಿಟ್ಟ ನಂಬರನ್ನು ಕಂಪನಿಯವರು ಬೇರೆಯವರಿಗೆ ಕೊಡುತ್ತಾರೆ ಎಂಬುದೂ ಗೊತ್ತಿತ್ತು. ಆ ಗೊತ್ತಿದ್ದುದಕ್ಕೂ ಅಪ್ಪನ ಕಿವಿಗೂ ಸಂಬಂಧ ಕಂಡಿರಲಿಲ್ಲ, ಅಷ್ಟೇ.

ಜೂನ್ ಎರಡನೇ ವಾರ ಹುಬ್ಬಳ್ಳಿಯಲ್ಲಿ ಒಂದು ಮದುವೆ. ಬ್ಯಾಂಡಿನವರು ಅಪ್ಪನ ಹಿಂದೆಯೇ ನಿಂತಿದ್ದರು. ಅವನು ಆ್ಯಪ್ ತೆಗೆದು ದನಿಯನ್ನು ತಳಕ್ಕೆ ಇಳಿಸಿ, ಗದ್ದಲ ಅಡಗಿಸುವ ರೀತಿಗೆ ಹಾಕಿಕೊಂಡು ಸುಖವಾಗಿ ಊಟ ಮಾಡಿದ. ಮನೆಗೆ ಬಂದವನೇ ಮಲಗಿಬಿಟ್ಟ. ಮರುದಿನ ಬೆಳಿಗ್ಗೆ ಆ್ಯಪ್ ತಾನೇ ಅಪ್‌ಡೇಟ್ ಆಗಿತ್ತು. ಒಳಗೆ ಹೋಗಲು ಓಟಿಪಿ ಬೇಕು, ನಿಮ್ಮ ನೋಂದಾಯಿತ ನಂಬರಿಗೆ ಆರು ಅಂಕಿ ಕಳಿಸಿದ್ದೇವೆ ಎಂದಿತು. ಅಂದಿನಿಂದ ಅಪ್ಪನ ಕಿವಿ ಆ ಮದುವೆ ಮಂಟಪದಲ್ಲೇ ಕೂತಿದೆ. ಮಶೀನು ತೆಗೆದರೂ ಕೇಳುವುದಿಲ್ಲ, ಹಾಕಿಕೊಂಡರೂ ಮನುಷ್ಯರ ದನಿಯನ್ನು ಬ್ಯಾಂಡೆಂದು ತಿಳಿದು ಅದು ಅಡಗಿಸಿಬಿಡುತ್ತದೆ.

ಅಪ್ಪನಿಗೆ ಟಿವಿ ಬೇಡ, ಹಾಡು ಬೇಡ. ಅವನಿಗೆ ಬೇಕಾದದ್ದು ಸಂಜೆಯ ಕಟ್ಟೆ. ನಮ್ಮ ಓಣಿಯ ಕೊನೆಗೆ ಬೇವಿನ ಮರದ ಸುತ್ತ ಒಂದು ಕಟ್ಟೆಯಿದೆ. ನಿವೃತ್ತ ಮಾಸ್ತರರು, ಕ್ಲಾರ್ಕರು ಐದಾರು ಮಂದಿ ದಿನಾ ಅಲ್ಲಿ ಸೇರಿ ಸರಕಾರವನ್ನೂ ಸೊಸೆಯರನ್ನೂ ತಿದ್ದುತ್ತಾರೆ. ಅವ್ವ ಹೋದ ವರ್ಷ ಅಪ್ಪ ಬದುಕಿಕೊಂಡದ್ದು ಆ ಕಟ್ಟೆಯಿಂದ. ಅದು ನನ್ನಿಂದ ಎಂದು ನಾನು ಹೇಳಿಕೊಳ್ಳಲಾರೆ. ಈಗ ಹೋಗುವುದನ್ನು ಬಿಡುತ್ತ ಬಂದಿದ್ದಾನೆ. ಜೂನ್ ಮೂರನೇ ವಾರ ಐದು ಸಂಜೆ ಹೋದ. ಆಮೇಲಿನ ವಾರ ಎರಡು. ಆಮೇಲೆ ನಾನು ಗೀಟು ಹಾಕುವುದನ್ನು ನಿಲ್ಲಿಸಿದೆ.

ಮೊದಲು ಕಂಪನಿಗೆ ಬರೆದೆ. ಅವರ ಚಾಟಿನಲ್ಲಿ ಉತ್ತರಿಸುವುದು ಮನುಷ್ಯನೋ ಅಲ್ಲವೋ ತಿಳಿಯದು. ನಿಮ್ಮ ತೊಂದರೆಗೆ ವಿಷಾದಿಸುತ್ತೇವೆ ಎಂದಿತು. ಹೊಸ ನಂಬರಿನಿಂದ ಹೊಸ ಖಾತೆ ತೆರೆಯಲು ನೋಡಿದರೆ ಈ ಮಶೀನು ಈಗಾಗಲೇ ಬೇರೆ ಖಾತೆಗೆ ಸೇರಿದೆ ಎಂದಿತು. ಹಾಗಾದರೆ ನಂಬರನ್ನೇ ಬದಲಿಸಿಕೊಡಿ ಎಂದೆ. ಬದಲಿಸಬೇಕಾದರೆ ಹಳೆಯ ನಂಬರಿಗೆ ಹೋಗುವ ಓಟಿಪಿ ಬೇಕು. ಅವ್ವನ ಮರಣ ಪತ್ರ ಕಳಿಸಿದೆ. ದಾಖಲೆ ತಲುಪಿದೆ, ಧನ್ಯವಾದ, ಮುಂದುವರಿಯಲು ಓಟಿಪಿ ನಮೂದಿಸಿ ಎಂದು ಬಂತು.

ಆಮೇಲೆ ಹುಬ್ಬಳ್ಳಿಯಲ್ಲಿ ಕಿವಿ ಮಶೀನು ಮಾರುವ ಅಂಗಡಿಯೊಂದಕ್ಕೆ ಅಪ್ಪನನ್ನು ಕರೆದುಕೊಂಡು ಹೋದೆ. ಅಲ್ಲಿದ್ದವನು ಅದನ್ನು ಭೂತಗನ್ನಡಿಯ ಕೆಳಗಿಟ್ಟು ನೋಡಿದ.

“ಮಾಲ್ ಛಲೋ ಐತ್ರಿ. ಆದ್ರ ನಮ್ಮ ಕಂಪ್ಯೂಟರ್ ಕೂಡ ಇದು ಮಾತಾಡಂಗಿಲ್ಲ. ಇದರ ಕೀಲಿ ಅದರ ಆ್ಯಪ್‌ನ್ಯಾಗನ ಐತಿ. ಹೊಸಾದು ತಗೋರಿ, ಇದನ್ನ ಕೊಟ್ರ ಏನರ ಕಡಿಮಿ ಮಾಡ್ತೇವಿ.”

“ಇದನ್ನ ತಗೊಂಡು ಏನ್ ಮಾಡ್ತೀರಿ?”

“ಏನ್ ಮಾಡೂದ್ರಿ?” ಎಂದು ಅವನು ಟೇಬಲ್ಲಿನ ಕೆಳಗಿನ ಡ್ರಾಯರ್ ಎಳೆದು ತೋರಿಸಿದ. ಡ್ರಾಯರ್ ತುಂಬ ಕಿವಿ ಮಶೀನು, ತೊಗರಿಬೇಳೆ ಸುರುವಿದ ಹಾಗೆ.

ಕಾರ್ಖಾನೆಯಲ್ಲಿ ನಾನು ಕೆಂಪು ಡಬ್ಬಿಗೆ ಹಾಕುವ ಪ್ರತಿ ತುಣುಕಿಗೂ ಕಾರಣ ಬರೆಯಬೇಕು. ಬಿರುಕು, ಅಳತೆಯ ವ್ಯತ್ಯಾಸ, ತುಕ್ಕು. ಇವಕ್ಕೆ ಏನು ಕಾರಣ ಬರೆಯುವುದು? ಅಪ್ಪ ಆ ಡ್ರಾಯರನ್ನು ನೋಡಿ ತನ್ನ ಮಶೀನನ್ನು ಟೇಬಲ್ಲಿನಿಂದ ತಾನೇ ಎತ್ತಿಕೊಂಡು ಕಿವಿಗೆ ಸಿಗಿಸಿದ. ಹೊರಗೆ ಬಂದ ಮೇಲೆ ಬಸ್ಟಾಪಿಗೆಲ್ಲ ಕೇಳುವಂತೆ ಹೇಳಿದ, “ಕೆಟ್ಟಿಲ್ಲಲ್ಲ ಇದು! ಕೆಡಲಾರದ್ದನ್ನ ಒಗಿಯಾಕ ನಮಗೇನ್ ಧಾಡಿ?”

ಉಳಿದದ್ದು ಒಂದೇ ದಾರಿ, ಅವ್ವನ ನಂಬರು ಈಗ ಯಾರ ಹತ್ತಿರ ಇದೆಯೋ ಅವರನ್ನು ಕೇಳುವುದು. ಮೂರು ದಿನ ಮುಂದೂಡಿದೆ. ಜುಲೈ ಆರರ ಭಾನುವಾರ ಅಪ್ಪನ ಫೋನು ತೆಗೆದುಕೊಂಡು, ಅದರಲ್ಲಿನ ‘ಮನಿ’ಯನ್ನು ಒತ್ತಿದೆ. ರಿಂಗಾಯಿತು. ಮೂರು ರಿಂಗಿಗೆ ಅವ್ವ ಎತ್ತುತ್ತಿದ್ದಳು. ಇದು ಬಹಳ ಹೊತ್ತು ಹೊಡೆದುಕೊಂಡಿತು.

“ಯಾರ್ರಿ?” ಒಬ್ಬ ಹೆಂಗಸು. ವಯಸ್ಸಾದ ದನಿ, ಏದುಸಿರು. “ಲಗೂ ಹೇಳ್ರಿ, ಹೊಲದಾಗ ಅದೇನಿ. ಹೆಸರಿನ ಬೆಳಿಯಾಗ ಕಸಾ ತಗ್ಯಾಕತ್ತೇವಿ.”

ಹೇಳಬೇಕಾದುದನ್ನೆಲ್ಲ ಮೊದಲೇ ಬರೆದುಕೊಂಡಿದ್ದೆ. ಓದಿದ ಹಾಗೆ ಹೇಳಿದೆ. ನನ್ನ ಅವ್ವನ ನಂಬರು, ಅಪ್ಪನ ಕಿವಿ, ಆ್ಯಪು, ನಿಮಗೆ ಒಂದು ಮೆಸೇಜು ಬರುತ್ತದೆ, ಅದರಲ್ಲಿ ಆರು ಅಂಕಿ.

“ಓಟಿಪಿ ಏನ್ರಿ?”

“ಹೌದ್ರಿ.”

“ಅದನ್ನ ಕೇಳಿದವ್ರಿಗೆ ಬೈದು ಇಡು ಅಂದಾನ್ರಿ ನನ್ನ ಮಗ. ಆದ್ರ ನೀವು ಹೆಣ್ಮಗಳು, ಹೆಂಗ ಬೈಯೂದು?”

“ಬೈರಿ, ಅಡ್ಡಿಯಿಲ್ಲ. ಆದ್ರ ನಾ ಮೋಸದವಳಲ್ರಿ.”

“ಮೋಸದವ್ರು ಮತ್ತೇನಂತಾರ್ರಿ, ನಾವು ಮೋಸದವ್ರು ಅಂತಾರೇನು?” ಎಂದು ನಕ್ಕಳು. ಹಿಂದೆ ಇನ್ನಿಬ್ಬರು ಹೆಂಗಸರೂ ನಕ್ಕದ್ದು ಕೇಳಿಸಿತು.

ನಾನೇ ಅಪ್ಪನನ್ನು ಕರೆದುಕೊಂಡು ನಿಮ್ಮಲ್ಲಿಗೆ ಬರುತ್ತೇನೆ, ಕಣ್ಣಾರೆ ನೋಡಿರಿ, ಯಾವ ಊರು ಎಂದು ಕೇಳಿದೆ. ಮಾತಿನ ಧಾಟಿ ನಮ್ಮ ಕಡೆಯದೇ. ಸುಳ್ಳ ಎಂಬ ಊರಿನ ಕಡೆಯವಳಿರಬಹುದು, ನವಲಗುಂದದವಳೂ ಇರಬಹುದು.

“ಊರಿನ ಹೆಸರನೂ ಹೇಳಬ್ಯಾಡ ಅಂದಾನ್ರಿ” ಎಂದಳು. “ಸಿಟ್ಟಾಗಬ್ಯಾಡ್ರಿ ತಂಗಿ” ಎಂದು ಸೇರಿಸಿ ಇಟ್ಟುಬಿಟ್ಟಳು.

ಸಿಟ್ಟೇನೂ ಬರಲಿಲ್ಲ. ಎರಡು ವರ್ಷದಿಂದ ಅಪ್ಪನಿಗೆ ನಾನೂ ಅದನ್ನೇ ಹೇಳುತ್ತ ಬಂದಿದ್ದೇನೆ. ಯಾರು ಕೇಳಿದರೂ ಹೇಳಬೇಡ, ಬ್ಯಾಂಕಿನವರೆಂದರೂ ಹೇಳಬೇಡ, ಅತ್ತರೂ ಹೇಳಬೇಡ.

ಮೂರು ದಿನವಾದ ಮೇಲೆ ಬುಧವಾರ ಸಂಜೆ, ನಾನು ಕೆಲಸದಿಂದ ಬಂದು ಕೈಕಾಲು ತೊಳೆಯುತ್ತಿದ್ದೆ. ಅಪ್ಪ ಬಚ್ಚಲ ಬಾಗಿಲಿಗೆ ಬಂದು ನಿಂತ. ಅವನ ಕೈಯಲ್ಲಿ ಫೋನು ರಿಂಗಾಗುತ್ತಿತ್ತು. ಪರದೆಯ ಮೇಲೆ ‘ಮನಿ’ ಎಂದಿತ್ತು. ಆ ನಂಬರು ಬೇರೆಯವರಿಗೆ ಹೋಗಿರುವುದು ಅವನಿಗೆ ಗೊತ್ತು, ನಾನು ಮಾತಾಡಿದ್ದೂ ಗೊತ್ತು. ಆದರೂ ಅದನ್ನು ಎರಡೂ ಕೈಯಲ್ಲಿ ಹಿಡಿದಿದ್ದ.

“ತಗೋ” ಎಂದ. “ನನಗ ಕೇಳಸಂಗಿಲ್ಲ.”

ಅದೇ ಹೆಂಗಸು. “ತಂಗಿ, ನಾನ್ರಿ, ಹೊಲದಾಗ ಮಾತಾಡಿದ್ದೆ. ಮನಸ್ಸಿಗೆ ಸಮಾಧಾನ ಆಗವಲ್ದು. ನಮ್ಮತ್ತಿನೂ ಕಡೀಕ ಕಿವುಡಿ ಆಗಿ, ಗ್ವಾಡಿ ನೋಡಕೋತ ಕುಂದ್ರತಿದ್ಲು. ನಿಮ್ಮಪ್ಪಾರು ಅದಾರೇನು? ಅವರ ಕೂಡ ಎರಡು ಮಾತಾಡಸ್ರಿ, ನಾ ತಿಳಕೋತೇನಿ.”

ಸ್ಪೀಕರ್ ಹಾಕಿ ಅಪ್ಪನ ಮುಂದೆ ಹಿಡಿದೆ. ಮಾತಾಡೆಂದು ಕೈಸನ್ನೆ ಮಾಡಿದೆ. ಅಪ್ಪ ಗಂಟಲು ಸರಿ ಮಾಡಿಕೊಂಡು, ಕ್ಲಾಸಿನ ಕೊನೆಯ ಬೆಂಚಿಗೆ ಹೇಳುವವನಂತೆ ಒದರಿದ, “ನಮಸ್ಕಾರ್ರೀ! ಆರಾಮದೀರೇನು? ಮಳಿ ಹೆಂಗೈತ್ರಿ ನಿಮ್ಮ ಕಡೆ?”

“ಆರಾಮ್ರಿ ಸರ. ಊಟ ಆತೇನ್ರಿ?”

“ಹೌದ್ಹೌದು! ಈ ವರ್ಷ ಛಲೋ ಐತಂತ!”

ಆ ಕಡೆ ಅವಳು ನಗತೊಡಗಿದಳು. “ಖರೇ ಕಿವುಡ ಅದಾರ ತಂಗಿ. ನಾಟಕ ಮಾಡವ್ರು ಇಷ್ಟ ಒದರಂಗಿಲ್ಲ. ಒತ್ರಿ ಅದೇನ ಒತ್ತಬೇಕೋ. ಬಂದ್ರ ಹೇಳ್ತೇನಿ.”

ನನ್ನ ಬೆರಳು ಆ್ಯಪಿನ ಮೇಲಿತ್ತು. ಓಟಿಪಿ ಕಳಿಸು ಎಂಬುದನ್ನು ಒತ್ತಿದೆ. ಆ ಕಡೆ ಟಿಣ್ ಎಂದಿತು.

“ಬಂತ್ರಿ. ಆದ್ರ ಹೆಂಗ ನೋಡೂದು? ಕಿವಿಗೆ ಹಿಡದ್ರ ಕಾಣಂಗಿಲ್ಲ, ಕಿವಿಯಿಂದ ತಗದ್ರ ನೀವು ಹೋಗ್ತೀರಿ.”

“ಹೋಗಂಗಿಲ್ರಿ, ತಗೀರಿ. ಮೆಸೇಜಿನ ಮ್ಯಾಲೆ ಒತ್ರಿ. ಅಂಕಿ ಓದಾಕ ಬರತಾವಲ್ರಿ?”

“ಅಂಕಿ ಬರತಾವ. ಬಸ್ಸಿನ ನಂಬರ್ ಓದ್ತೇನಲ್ಲ. ಆದ್ರ ಇದರ ಹಿಂದ ಮುಂದ ಇಂಗ್ಲಿಷ್ ಭಾಳ ಐತಿ. ಯಾವದು ಅಂಕಿ, ಯಾವದು ಅಕ್ಷರ... ತಡೀರಿ. ನಾಕು... ಇದು ಏಳೋ ಒಂದೋ...”

ಆಗ ಆ ಕಡೆ ಇನ್ನೊಂದು ದನಿ ಬಂತು, ಎಳೆಯದು. “ಯಾರ ಕೂಡ ಮಾತು ಅತ್ತೀ? ಏನ್ ಓದಾಕತ್ತೀರಿ?”

“ಅದಾ, ಕಿವುಡ ಮಾಸ್ತರು...”

ಫೋನು ಕೈ ಬದಲಾದ ಸದ್ದು ಕೇಳಿತು. ಸೊಸೆ ಇರಬೇಕು. ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

“ನೋಡ್ರಿ ಅಕ್ಕಾರ” ಎಂದಳು. “ಹೋದ ವರ್ಷ ಬೆಳಿ ವಿಮಾದ ರೊಕ್ಕ ಬಂದಿತ್ತು. ಬ್ಯಾಂಕಿನವರು ಅಂತ ಹೇಳಿ ಫೋನ್ ಮಾಡಿ ನಮ್ಮ ಮಾವಾರ ಕಡೆ ಓಟಿಪಿ ಇಸಗೊಂಡ್ರು. ಅವರೂ ನಿಮ್ಮಂಗನ ಅಕ್ಕಾರ ಅಣ್ಣಾರ ಅಂತ ಛಲೋ ಮಾತಾಡಿದ್ರು.”

“ನಮ್ಮದು ಹಂಗಲ್ರಿ. ನಮ್ಮಪ್ಪನ ದನಿ ಕೇಳಿದ್ರಲ್ಲ ನಿಮ್ಮತ್ತಿಯವರು.”

“ಕೇಳ್ಯಾರ. ನೀವು ಖರೇನೂ ಇರಬಹುದು. ನಾ ಇಲ್ಲ ಅನ್ನಂಗಿಲ್ಲ. ಆದ್ರ ಇವತ್ತ ನಿಮಗ ಹೇಳಿದ್ರಂದ್ರ, ನಾಳೆ ಯಾರ ಅತ್ತು ಕೇಳಿದ್ರೂ ಹೇಳ್ತಾರ ಇವರು. ಇವರಿಗೆ ಬ್ಯಾಡ ಅಂತ ಕಲಿಸಾಕ ನನಗ ಒಂದ್ ವರ್ಷ ಹಿಡದೈತಿ. ನಾ ಏನ್ ಮಾಡ್ಲಿ, ನೀವ ಹೇಳ್ರಿ?”

ಪರದೆಯ ಮೇಲೆ ಸೆಕೆಂಡುಗಳು ಇಳಿಯುತ್ತಿದ್ದವು. “ನೀವು ಹೇಳೂದು ಬರೋಬರಿ ಐತ್ರಿ” ಎಂದೆ. ಹಾಗೆಂದದ್ದು ಸುಳ್ಳಲ್ಲ. ಅವಳು ಫೋನು ಇಟ್ಟಳು. ಅಂದಿನಿಂದ ಆ ನಂಬರಿಗೆ ನಮ್ಮ ಎರಡೂ ಫೋನಿನಿಂದ ಕರೆ ಹೋಗುತ್ತಿಲ್ಲ, ಬ್ಲಾಕ್ ಮಾಡಿರಬೇಕು.

ಅಪ್ಪ ನನ್ನ ಮುಖ ನೋಡಿಯೇ ತಿಳಿದುಕೊಂಡ. “ಅಲ್ಲಿ ಮಳಿ ಛಲೋ ಆಗೈತೇನು?” ಎಂದಷ್ಟೇ ಕೇಳಿದ. ಹೌದೆಂದು ತಲೆ ಆಡಿಸಿದೆ.

ಮರುದಿನ ಊಟದ ಬಿಡುವಿನಲ್ಲಿ ಗೆಳತಿಯೊಬ್ಬಳ ಫೋನಿನಿಂದ ಆ ಸೊಸೆಗೆಂದು ಅದೇ ನಂಬರಿಗೆ ಒಂದು ಮೆಸೇಜು ಕಳಿಸೋಣವೆಂದು ಬರೆಯತೊಡಗಿದೆ. ಅಪ್ಪ ಮಶೀನು ಹಾಕಿಕೊಂಡಿರುವ ಫೋಟೋ, ಕೊಂಡ ಬಿಲ್ಲು, ಅವ್ವನ ಮರಣ ಪತ್ರ, ಅಪ್ಪನ ಆಧಾರ್, ನನ್ನ ಕಾರ್ಖಾನೆಯ ಗುರುತಿನ ಚೀಟಿ. ಒಂದೊಂದನ್ನೇ ಸೇರಿಸುತ್ತ ಹೋದಂತೆ ಅದು ಹೆಚ್ಚು ಹೆಚ್ಚು ಮೋಸದ ಮೆಸೇಜಿನಂತೆ ಕಾಣತೊಡಗಿತು. ಮೋಸ ಮಾಡುವವನು ಇಷ್ಟೆಲ್ಲ ಜೋಡಿಸಿಯೇ ಕಳಿಸುತ್ತಾನೆ. ಅದೂ ಗುರುತಿಲ್ಲದ ನಂಬರಿನಿಂದ. ಇದನ್ನು ನೋಡಿ ಆ ಸೊಸೆ ಕರಗಿದರೆ, ಮುಂದಿನವನು ಕಳಿಸಿದ್ದಕ್ಕೂ ಕರಗುತ್ತಾಳೆ. ಎಲ್ಲವನ್ನೂ ಅಳಿಸಿದೆ. ಅಳಿಸಿದ್ದು ಸರಿಯೋ ಎಂದು ಈಗಲೂ ಅನುಮಾನವಿದೆ, ಯಾಕೆಂದರೆ ಅದರ ಬೆಲೆ ತೆರುತ್ತಿರುವವನು ಅಪ್ಪ, ನಾನಲ್ಲ.

ಈಗ ಮುಂದಿರುವುದು ಇಷ್ಟು. ಹೊಸ ಮಶೀನು ಕೊಳ್ಳಬಹುದು. ಎರಡು ತಿಂಗಳ ಪಗಾರ ಹೋಗುತ್ತದೆ, ಅದು ಹೇಗೋ ಆದೀತು. ಆದರೆ ಅದರ ಕೀಲಿಯೂ ಆ್ಯಪಿನಲ್ಲೇ. ಬೇಡವೆಂದರೆ ಗುಂಡಿಯಿರುವ, ಸೆಲ್ಲು ಹಾಕುವ ಅಗ್ಗದ ಜೋಡಿ ತರಬಹುದು. ಯಾವುದನ್ನು ಮಣ್ಣಿಗೆ ಹಾಕಬಾರದೆಂದು ಮೊದಲು ಇಷ್ಟು ತೂಗಿದ್ದೆನೋ ಅದನ್ನೇ ವಾರವಾರ ಹಾಕಬೇಕು. ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು. ಅಪ್ಪನಿಗೆ ಈಗ ಅರವತ್ತೇಳು. ದೂರಿನ ತೀರ್ಪು ಬರುವ ತನಕ ಕಟ್ಟೆಯ ಮೇಲೆ ಯಾರ‍್ಯಾರು ಉಳಿದಿರುತ್ತಾರೋ. ತಿಂಗಳು ಕಾಯುವ ನನ್ನ ನಿಯಮ ಮುಗಿದು ವಾರವಾಯಿತು. ಅದು ಬೇಡದ್ದನ್ನು ಕೊಳ್ಳದಿರಲು ಮಾಡಿಕೊಂಡ ನಿಯಮ. ಬೇಕಾದದ್ದು ಮನೆಯಲ್ಲೇ ಇದ್ದು ಕೈಗೆ ಸಿಗದಿದ್ದರೆ ಏನು ಮಾಡಬೇಕೆಂದು ಅದರಲ್ಲಿಲ್ಲ.

ನಿನ್ನೆ ಶನಿವಾರ ಸಂಜೆ ಒತ್ತಾಯ ಮಾಡಿ ಅಪ್ಪನನ್ನು ಕಟ್ಟೆಗೆ ಕಳಿಸಿದೆ. ಅರ್ಧ ಗಂಟೆಗೆಲ್ಲ ತಿರುಗಿ ಬಂದ. ಚಪ್ಪಲಿ ಬಿಟ್ಟು, ಮಶೀನು ತೆಗೆದು, ಸಣ್ಣ ಬ್ರಶ್ಶಿನಿಂದ ತಿಕ್ಕಿ, ಚಾರ್ಜಿನ ಡಬ್ಬಿಯಲ್ಲಿಟ್ಟ. ಉಪಯೋಗವಿಲ್ಲದಿದ್ದರೂ ಇದನ್ನು ದಿನವೂ ಮಾಡುತ್ತಾನೆ. ಕಟ್ಟೆಯಲ್ಲಿ ಏನು ಮಾತಾಯಿತೆಂದು ಹಾಳೆಯ ಮೇಲೆ ಬರೆದು ಕೇಳಿದೆ.

“ಎಲ್ಲಾರೂ ನಗತಿದ್ರು” ಎಂದ. “ನಾನೂ ನಕ್ಕೆ. ಆಮ್ಯಾಲೆ ನೋಡಿದ್ರ ಎಲ್ಲಾರೂ ಸುಮ್ಮನಿದ್ರು. ನಾನೊಬ್ಬನ ನಗಾಕತ್ತಿದ್ದೆ.”

ಹೊಸದು ತರುತ್ತೇನೆ, ನಾಳೆಯೇ ತರುತ್ತೇನೆ, ಬೇಡ ಅನ್ನಬೇಡ ಎಂದು ಬರೆದೆ. ಅವನು ಅದನ್ನು ಓದಿ, ಹಾಳೆಯನ್ನು ತಿರುಗಿ ಕೊಟ್ಟ.

“ತರೂದು ತರತಿ. ಅದಕ್ಕ ಯಾರ ನಂಬರ್ ಕೊಡ್ತಿ?”

ನನ್ನದೇ ಎಂದು ಎದೆ ಮುಟ್ಟಿಕೊಂಡು ತೋರಿಸಿದೆ.

“ನಿಮ್ಮವ್ವನೂ ಹಂಗ ಅಂದಿದ್ಲು” ಎಂದ ಅಪ್ಪ. ಅದರಲ್ಲಿ ಆಕ್ಷೇಪಣೆ ಇರಲಿಲ್ಲ, ಲೆಕ್ಕ ತಿದ್ದುವವನ ದನಿ ಅಷ್ಟೇ. ಆಮೇಲೆ ಊಟಕ್ಕೆ ತಾಟು ಹಾಕಿದ.

ಇಂದು ಅಂಗಡಿ ಹತ್ತೂವರೆಗೆ ತೆರೆಯುತ್ತದೆ. ಹೋಗುವೆನೋ ಇಲ್ಲವೋ ಇನ್ನೂ ತಿಳಿಯದು. ನಂಬರು ಕೈಬಿಟ್ಟು ಹೋದ ಮೇಲೂ ಇಂಥ ಮಶೀನನ್ನು ಹಳೆಯ ಖಾತೆಯಿಂದ ಬಿಡಿಸಿಕೊಂಡವರು ಯಾರಾದರೂ ಇದ್ದರೆ, ಅಥವಾ ಆ್ಯಪಿಲ್ಲದೆಯೇ ಅದರ ದನಿ ಏರಿಸುವ ದಾರಿ ಬಲ್ಲವರಿದ್ದರೆ, ಇದನ್ನು ಅಚ್ಚು ಹಾಕಿದವರ ವಿಳಾಸಕ್ಕೆ ಎರಡು ಸಾಲು ಬರೆಯಿರಿ, ನನಗೆ ತಲುಪುತ್ತದೆ. ಫೋನ್ ಮಾಡಬೇಡಿ, ಹಗಲು ಮನೆಯಲ್ಲಿರುವವನು ಅಪ್ಪನೊಬ್ಬನೇ. ಮತ್ತೆ, ನೀವು ಎಷ್ಟೇ ಒಳ್ಳೆಯವರಾಗಿದ್ದರೂ, ದಯವಿಟ್ಟು ಅವನ ಹತ್ತಿರ ಯಾವ ಅಂಕಿಯನ್ನೂ ಕೇಳಬೇಡಿ.